ನೆರೆ ಇಳಿದ ಮೇಲೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ಕಾಡುಗುಡ್ಡಗಳ ಮಡಿಲಲ್ಲಿ, ಚಂದ್ರಂಪಳ್ಳಿ ಎಂಬ ಚಿಕ್ಕ ಗ್ರಾಮವಿದೆ. ಅಲ್ಲಿ ಸರನಾಲಾ ಹಳ್ಳಕ್ಕೆ ಅಡ್ಡಲಾಗಿ ಒಂದು ಜಲಾಶಯವನ್ನು ನಿರ್ಮಿಸಲಾಗಿದೆ. ಬೇಸಗೆಯಲ್ಲಿ ಈ ಹಳ್ಳವನ್ನು ಕಂಡವರಿಗೆ ಇದರಿಂದ ಯಾರಿಗಾದರೂ ಕೇಡು ಉಂಟಾದೀತೆಂಬ ಶಂಕೆಯೇ ಮೂಡದು. ಆದರೆ ಹಳ್ಳ ಎಂದೂ ಒಂಟಿಯಲ್ಲ. ಸರನಾಲಾ ಮುಲ್ಲಾಮಾರಿಯನ್ನು ಸೇರುತ್ತದೆ. ಮುಲ್ಲಾಮಾರಿ ಕಾಗಿಣೆಯನ್ನು ಸೇರುತ್ತದೆ. ತೆಲಂಗಾಣದ ಅನಂತಗಿರಿ ಬೆಟ್ಟಗಳ ಕಡೆಯಿಂದ ತಾಂಡೂರಿನ ಮಾರ್ಗವಾಗಿ ಬರುವ ಕಾಗಿಣಾ ನದಿಯು ಸೇಡಂ, ಚಿತ್ತಾಪುರ ತಾಲ್ಲೂಕುಗಳನ್ನು ಹಾಯ್ದು, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು, ಶಹಾಬಾದಿನ ಸಮೀಪ ಹೊನಗುಂಟಾ ಎಂಬಲ್ಲಿ ಭೀಮಾ ನದಿಯೊಡನೆ ಕೂಡುತ್ತದೆ. ಭೀಮೆ ಮುಂದೆ ರಾಯಚೂರು ಸೀಮೆಯಲ್ಲಿ ಕೃಷ್ಣೆಗೆ ಕೂಡುತ್ತಾಳೆ. ಗುಡ್ಡದ ಮೇಲೆ ಒಂದು ರಾತ್ರಿ ಸುರಿದ ಮಳೆ ಮಾರನೆಯ ದಿನ ಎಷ್ಟು ಊರುಗಳ ಬಾಗಿಲು ತಟ್ಟಬಲ್ಲುದೆಂಬುದನ್ನು ಈ ದಾರಿಯೇ ಹೇಳುತ್ತದೆ.

ನೀರಿಗೆ ದಾರಿ ತೋರುವವರು ಬೇಕಿಲ್ಲ. ತಗ್ಗು ಇರುವಲ್ಲಿಗೆ ಅದು ತಾನಾಗಿ ಹರಿಯುತ್ತದೆ. ನೆರವು ಹಾಗಲ್ಲ; ಅದು ಪ್ರವಾಹಕ್ಕೆ ಎದುರಾಗಿ ನಡೆಯಬೇಕು. ಪಟ್ಟಣದಿಂದ ಹಳ್ಳಿಗೆ, ಹಳ್ಳಿಯಿಂದ ತಾಂಡಾಕ್ಕೆ, ತಾಂಡಾದ ಕೊನೆಯ ಗುಡಿಸಲಿಗೆ ಅದು ಹೋಗಿ ಮುಟ್ಟಬೇಕಾದರೆ ಪ್ರತಿಯೊಂದು ಹೆಜ್ಜೆಯನ್ನೂ ಯಾರಾದರೊಬ್ಬರು ಯೋಚಿಸಿ ಇಡಿಸಬೇಕು. ಪರೋಪಕಾರ ಬುದ್ಧಿ ನಮ್ಮ ಜನರಲ್ಲಿ ಧಾರಾಳವಾಗಿದೆ. ಆ ಬುದ್ಧಿಯನ್ನು ಅಕ್ಕಿಯ ಮೂಟೆಯಾಗಿ, ಶುದ್ಧ ನೀರಾಗಿ, ಒಣ ಹೊದಿಕೆಯಾಗಿ ಸಕಾಲದಲ್ಲಿ ತಲುಪಿಸುವ ಕೆಲಸ ಬೇರೆಯೇ ಒಂದು ವಿದ್ಯೆ.

2009ನೆಯ ಇಸವಿಯ ನೆರೆಯಿಂದಲೇ ಈ ವಿಷಯವನ್ನು ಆರಂಭಿಸುವುದು ಉಚಿತ. ಆ ವರ್ಷ ದೇಶದಾದ್ಯಂತ ಮುಂಗಾರು ಕೈಕೊಟ್ಟಿತ್ತು. ವಾಡಿಕೆಗಿಂತ ಶೇಕಡ 22ರಷ್ಟು ಕಡಿಮೆ ಮಳೆಯಾಗಿ ಸರ್ಕಾರಗಳು ಬರಗಾಲದ ಚಿಂತೆಯಲ್ಲಿದ್ದವು. ಹಾಗಿರುವಾಗ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆ ಮಳೆ ಆರಂಭವಾಯಿತು. ಅಕ್ಟೋಬರ್ ಮೊದಲ ದಿನಗಳವರೆಗೆ ಬಿಡದೆ ಸುರಿಯಿತು. ವಿಜಾಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಗದಗ, ಬಳ್ಳಾರಿ, ಆಗ ಗುಲಬರ್ಗಾ ಎಂದು ಕರೆಯಲ್ಪಡುತ್ತಿದ್ದ ಕಲಬುರಗಿ, ಇವೇ ಮೊದಲಾದ ಜಿಲ್ಲೆಗಳು ತತ್ತರಿಸಿದವು. ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠಕ್ಕೆ ನುಗ್ಗಿದಳು. ಕರ್ನೂಲು ಪಟ್ಟಣ ಮುಳುಗಿತು. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮನೆ ಕಳೆದುಕೊಂಡ ಕುಟುಂಬಗಳ ಲೆಕ್ಕ ಲಕ್ಷಗಳಲ್ಲಿತ್ತು.

ಸತ್ತವರೆಲ್ಲರೂ ನದಿಯಲ್ಲಿ ಕೊಚ್ಚಿಹೋದವರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬಯಲುಸೀಮೆಯ ಹಳೆಯ ಮನೆಗಳ ಗೋಡೆಗಳನ್ನು ಕಲ್ಲು ಮತ್ತು ಕೆಸರುಮಣ್ಣಿನಿಂದ ಕಟ್ಟುತ್ತಾರೆ. ತೊಲೆ ಜಂತೆಗಳ ಮೇಲೆ ಮಣ್ಣು ಹರವಿ ಮಾಳಿಗೆ ಮಾಡುತ್ತಾರೆ. ಬಿಸಿಲ ನಾಡಿಗೆ ಇದಕ್ಕಿಂತ ತಂಪಾದ ಮನೆ ಇನ್ನೊಂದಿಲ್ಲ. ಆದರೆ ನಾಲ್ಕೈದು ದಿನ ಎಡೆಬಿಡದೆ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರುಂಡು ಭಾರವಾಗುತ್ತದೆ, ಗೋಡೆಯ ಮಣ್ಣು ಕರಗಿ ಸಡಿಲವಾಗುತ್ತದೆ. ಮೇಲಿನ ಭಾರ ಹೆಚ್ಚುತ್ತಿರುವಾಗಲೇ ಕೆಳಗಿನ ಬಲ ಕುಗ್ಗುತ್ತದೆ. ರಾತ್ರಿ ಮಲಗಿದವರ ಮೇಲೆ ಮನೆ ಕುಸಿಯುವುದು ಹೀಗೆ. ಮಳೆ ನಿಂತು ಬಿಸಿಲು ಬಂದ ಮೇಲೂ ಒಣಗುವ ಗೋಡೆ ಬಿರುಕುಬಿಟ್ಟು ಬೀಳುವುದುಂಟು. ಆದ್ದರಿಂದ ನೀರು ಇಳಿದ ಕೂಡಲೇ ಜನರನ್ನು ಅವರವರ ಮನೆಗೆ ಕಳುಹಿಸಿಬಿಡುವುದು ನೆರವಲ್ಲ, ಅಪಾಯ.

ಮೊದಲ ಒಂದೆರಡು ದಿನಗಳ ಕೆಲಸ ಜೀವ ಉಳಿಸುವುದು. ಈಗ ಇದಕ್ಕಾಗಿ 2005ರ ವಿಪತ್ತು ನಿರ್ವಹಣಾ ಕಾಯಿದೆಯಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ದೋಣಿ ಹಗ್ಗಗಳೊಡನೆ ಬರುವ ರಾಷ್ಟ್ರೀಯ ವಿಪತ್ತು ಪರಿಹಾರ ಪಡೆಯಿದೆ. ಅಷ್ಟಾದರೂ ಮೊದಲ ಗಂಟೆಗಳಲ್ಲಿ ಜೀವ ಉಳಿಸುವವರು ಸಾಮಾನ್ಯವಾಗಿ ಊರಿನವರೇ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯಿದ್ದಾಳೆ, ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಹಳ್ಳ ಎಲ್ಲಿ ಆಳ, ಎಲ್ಲಿ ತೆಳುವು ಎಂಬುದು ಅವರಿಗೆ ಗೊತ್ತು. ಹೊರಗಿನಿಂದ ಬಂದ ಪಡೆಗೆ ದೋಣಿಯಿದ್ದೂ ಆ ತಿಳಿವಳಿಕೆ ಇರುವುದಿಲ್ಲ. ಎರಡೂ ಒಂದೆಡೆ ಸೇರಿದಾಗ ಕೆಲಸ ಸಾಗುತ್ತದೆ.

ಬದುಕುಳಿದವರನ್ನು ಎತ್ತರದ ಸ್ಥಳದ ಶಾಲೆಗೋ ಸಮುದಾಯ ಭವನಕ್ಕೋ ಕರೆತರುತ್ತಾರೆ. ಇಂಥ ಆಶ್ರಯಸ್ಥಾನಗಳಿಗೆ ಕರ್ನಾಟಕದಲ್ಲಿ ಬಹುಕಾಲ ಗಂಜಿ ಕೇಂದ್ರ ಎಂಬ ಹೆಸರಿತ್ತು. ಈಚೆಗೆ ಅವುಗಳನ್ನು ಕಾಳಜಿ ಕೇಂದ್ರ ಎಂದು ಕರೆಯುತ್ತಾರೆ. ಹೆಸರು ಬದಲಾದುದು ಸಣ್ಣ ಸಂಗತಿಯಂತೆ ಕಂಡರೂ ಸರಿಯಾದುದೇ. ನಿನ್ನೆಯವರೆಗೆ ಸ್ವಂತ ಹೊಲದ ಜೋಳ ಉಂಡವನನ್ನು ಇಂದು ಗಂಜಿಗೆ ಕೈಯೊಡ್ಡಿದವನೆಂದು ಕರೆಯುವುದರಲ್ಲಿ ಸೌಜನ್ಯವಿಲ್ಲ.

ಆ ಬಳಿಕ ಬರುವುದನ್ನು ಎರಡನೆಯ ಪ್ರವಾಹ ಎನ್ನಬಹುದು. ಅದು ವಸ್ತುಗಳ ಪ್ರವಾಹ. ಸುದ್ದಿ ಹರಡಿದೊಡನೆ ಪಟ್ಟಣಗಳಲ್ಲಿ ಮನಸ್ಸು ಕರಗಿದ ಜನ ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟುತ್ತಾರೆ. ಲಾರಿಗಳು ಹೊರಡುತ್ತವೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕಡಲತೀರದಲ್ಲಿ ನಡೆದುದು ಇದಕ್ಕೆ ಪ್ರಸಿದ್ಧ ದೃಷ್ಟಾಂತ. ದೇಶದ ಮೂಲೆಮೂಲೆಗಳಿಂದ ಬಂದ ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿರಾಶಿಯಾಗಿ ಬಿದ್ದು ಮಳೆಯಲ್ಲಿ ನೆನೆದವು. ಹಳಸಿದ, ಹರಿದ ಬಟ್ಟೆಯನ್ನು ಮುಟ್ಟಲು ಸಂಕಟದಲ್ಲಿದ್ದ ಬೆಸ್ತರೂ ಒಪ್ಪಲಿಲ್ಲ. ಅವುಗಳನ್ನು ಬೇರ್ಪಡಿಸಿ ಉಪಯುಕ್ತವಾಗುವಂತೆ ಮಾಡಲು ಗೂಂಜ್ ಎಂಬ ಸಂಸ್ಥೆ ದೀರ್ಘಕಾಲ ದುಡಿಯಬೇಕಾಯಿತು. ಕೊಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಬೇಡದ ಒಂದು ಗಂಟು ಬೇಕಾದ ಒಂದು ಗಂಟಿನ ಜಾಗವನ್ನು ಲಾರಿಯಲ್ಲಿಯೂ ಉಗ್ರಾಣದಲ್ಲಿಯೂ ಆಕ್ರಮಿಸುತ್ತದೆ; ಅದನ್ನು ಇಳಿಸಲು, ಎಣಿಸಲು, ಕೊನೆಗೆ ಎಸೆಯಲು ನಾಲ್ಕು ಜನರ ಒಂದು ದಿನವನ್ನು ಕಬಳಿಸುತ್ತದೆ. ಕೊಡುವವರು ತಮ್ಮ ಮನೆಯಲ್ಲಿ ಏನು ಮಿಕ್ಕಿದೆ ಎಂದು ನೋಡುತ್ತಾರೆ. ಕೇಳಬೇಕಾದ ಪ್ರಶ್ನೆ, ಅಲ್ಲಿ ಏನು ಇಲ್ಲ ಎಂಬುದು.

ಅಲ್ಲಿ ಏನು ಇಲ್ಲ ಎಂಬುದನ್ನು ಲೆಕ್ಕಹಾಕಿ ತಿಳಿಯಬಹುದು. ಕಾಗಿಣೆಯ ದಂಡೆಯ ಒಂದು ಹಳ್ಳಿಯಿಂದ 1,000 ಜನ ಕಾಳಜಿ ಕೇಂದ್ರಕ್ಕೆ ಬಂದಿದ್ದಾರೆಂದು ಭಾವಿಸೋಣ. ವಿಪತ್ತಿನ ಸಂದರ್ಭಗಳಲ್ಲಿ ದುಡಿಯುವ ಸಂಸ್ಥೆಗಳು ಲೋಕಾನುಭವದಿಂದ ಕೆಲವು ಕನಿಷ್ಠ ಪ್ರಮಾಣಗಳನ್ನು ಗೊತ್ತುಮಾಡಿವೆ. ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿ ಒಬ್ಬನಿಗೆ ದಿನಕ್ಕೆ 15 ಲೀಟರು ನೀರು. ಮಲಗಲು ಒಬ್ಬನಿಗೆ ಮೂರೂವರೆ ಚದರ ಮೀಟರು ನೆರಳು. 20 ಜನರಿಗೆ ಒಂದು ಶೌಚಾಲಯ. ಹಾಗಾದರೆ 1,000 ಜನರಿಗೆ ದಿನಕ್ಕೆ 15,000 ಲೀಟರು ನೀರು ಬೇಕು. 5,000 ಲೀಟರಿನ ಟ್ಯಾಂಕರು ದಿನಕ್ಕೆ ಮೂರು ಸಲ ಬರಬೇಕು. ತಲೆಗೆ 400 ಗ್ರಾಂ ಧಾನ್ಯದಂತೆ ದಿನಕ್ಕೆ 4 ಕ್ವಿಂಟಲು ಧಾನ್ಯ ಬೇಕು. 10 ಟನ್ನು ಹೊರುವ ಒಂದು ಲಾರಿಯಲ್ಲಿ 100 ಕ್ವಿಂಟಲು ಬರುವುದರಿಂದ ಒಂದೇ ಲಾರಿ ಧಾನ್ಯ ಆ ಊರಿಗೆ 25 ದಿನ ಸಾಕು. ಶೌಚಾಲಯಗಳೋ, 50 ಬೇಕು. ಯಾವ ಶಾಲೆಯಲ್ಲಿ 50 ಶೌಚಾಲಯಗಳಿವೆ? ಧಾನ್ಯಕ್ಕಿಂತ ಶೌಚಾಲಯವೇ ದೊಡ್ಡ ಕೊರತೆಯೆಂಬುದು ಲೆಕ್ಕ ಬರೆದ ಮೇಲಷ್ಟೇ ಹೊಳೆಯುತ್ತದೆ. ಹೆಂಗಸರು ಕತ್ತಲಾಗುವವರೆಗೆ ಕಾದು ಕುಳಿತುಕೊಳ್ಳಬೇಕಾದ ಕೇಂದ್ರದಲ್ಲಿ ಎಷ್ಟು ಲಾರಿ ಅಕ್ಕಿ ಬಂದಿಳಿದರೂ ಅದು ಸುಸ್ಥಿತಿಯ ಕೇಂದ್ರವಲ್ಲ.

ನೀರಿನ ವಿಷಯವನ್ನು ಇನ್ನಷ್ಟು ವಿವರವಾಗಿ ನೋಡಬೇಕು. ಏಕೆಂದರೆ ನೆರೆಯಲ್ಲಿ ಉಳಿದವರನ್ನು ನೆರೆಯ ನಂತರ ಕೊಲ್ಲುವುದು ನೀರೇ. ಪ್ರವಾಹವು ತಿಪ್ಪೆ, ಚರಂಡಿ, ಸತ್ತ ದನಗಳ ಕೊಳೆಯನ್ನೆಲ್ಲ ಹೊತ್ತು ತಂದು ಬಾವಿಗೆ ತುಂಬುತ್ತದೆ. ವಾಂತಿಭೇದಿ, ಕಾಲರಾ, ಕಾಮಾಲೆ, ವಿಷಮಶೀತಜ್ವರ ಇವೆಲ್ಲ ಆ ನೀರಿನಲ್ಲಿ ಅಡಗಿರುತ್ತವೆ. ಇದಕ್ಕೆ ಮದ್ದು ಚೆಲುವೆಪುಡಿ, ಎಂದರೆ ಬ್ಲೀಚಿಂಗ್ ಪೌಡರು. ಒಳ್ಳೆಯ ಗುಣದ ಪುಡಿಯಾದರೆ 1,000 ಲೀಟರು ನೀರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಬಾವಿಯಲ್ಲಿ ಎಷ್ಟು ನೀರಿದೆಯೆಂದು ಅರಿಯಲು ಒಂಬತ್ತನೆಯ ತರಗತಿಯ ಗಣಿತವೇ ಸಾಲುತ್ತದೆ. 3 ಮೀಟರು ಅಗಲದ ದುಂಡು ಬಾವಿಯಲ್ಲಿ 4 ಮೀಟರು ನೀರಿದ್ದರೆ, ವೃತ್ತದ ವಿಸ್ತೀರ್ಣವನ್ನು ಆಳದಿಂದ ಗುಣಿಸಿದಾಗ ಸುಮಾರು 28 ಘನಮೀಟರು, ಅಂದರೆ 28,000 ಲೀಟರು ಬರುತ್ತದೆ. ಅದಕ್ಕೆ ಬೇಕಾದುದು 70 ಗ್ರಾಂ ಪುಡಿ. ನೆರೆಯಿಂದ ಕೆಟ್ಟ ಬಾವಿಗೆ ಇದರ ಹಲವು ಪಟ್ಟು ಹಾಕಬೇಕಾಗುತ್ತದೆ, ನೀರನ್ನು ಮೊದಲು ತೋಡಿ ತೆಗೆಯಬೇಕಾಗುತ್ತದೆ, ಪರೀಕ್ಷಿಸಿ ನೋಡಬೇಕಾಗುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನು ಬಾವಿಗೆ ಬಿಟ್ಟು, ಒಂದು ಗಂಟೆಯಾದರೂ ಕಾಯಬೇಕು. ಹೀಗಿದ್ದೂ ಒಟ್ಟು ತೂಕ ಕೆಲವು ಮುಷ್ಟಿಗಳನ್ನು ಮೀರುವುದಿಲ್ಲ. ಒಂದು ಕಡೆ ಲಾರಿಗಟ್ಟಲೆ ಹಳೆಯ ಬಟ್ಟೆ ಬಂದು ಬೀಳುವಾಗ, ಸಾವಿರ ಜೀವಗಳನ್ನು ಕಾಯುವ ವಸ್ತು ಒಂದು ಚೀಲದೊಳಗೆ ಹಿಡಿಯುತ್ತದೆ. ಆದರೆ ಆ ಪುಡಿ ಹಳೆಯದಾದರೆ, ತೇವಗೊಂಡರೆ, ಸತ್ತ್ವ ಕಳೆದುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಣಗಿದ ಕಡೆ ಅದನ್ನು ಇಟ್ಟವರಿಗೆ ಅದರಿಂದ ಪ್ರಯೋಜನ.

ಭೇದಿ ಹತ್ತಿದವರಿಗೂ ಸುಲಭವಾದ ಚಿಕಿತ್ಸೆಯುಂಟು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಬಂದು ತುಂಬಿದ್ದ ಬೋನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಹಾಕುವ ಲವಣದ್ರವ ಮುಗಿದುಹೋಗಿ, ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಉಪ್ಪು ಸಕ್ಕರೆಗಳ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳಿಗೆ ಬಾಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ತಟ್ಟನೆ ಇಳಿಯಿತು. ಇಂದು ಪ್ರತಿ ಪರಿಹಾರ ಕೇಂದ್ರದಲ್ಲಿ ಹಂಚುವ ಜೀವಜಲದ ಪೊಟ್ಟಣದ ಹಿಂದೆ ಆ ಶಿಬಿರದ ಅನುಭವವಿದೆ.

ಇನ್ನು ಸಾಗಾಟ. ಕಲಬುರಗಿ ಜಿಲ್ಲೆಯ ಈ ಭಾಗಕ್ಕೆ ರೈಲುಮಾರ್ಗದ ಅನುಕೂಲ ಚೆನ್ನಾಗಿದೆ. ಶಹಾಬಾದ್ ಮತ್ತು ವಾಡಿ ನಿಲ್ದಾಣಗಳು ಮುಂಬಯಿ–ಚೆನ್ನೈ ಮಾರ್ಗದ ಮೇಲಿವೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಮಾರ್ಗವು ಚಿತ್ತಾಪುರ, ಸೇಡಂ ಪಟ್ಟಣಗಳನ್ನು ಹಾದುಹೋಗುತ್ತದೆ. ಹೊರನಾಡಿನಿಂದ ಬರುವ ಸಾಮಗ್ರಿಯನ್ನು ವಾಡಿಯವರೆಗೆ ತರುವುದು ಕಷ್ಟವಲ್ಲ. ಕಷ್ಟ ಆಮೇಲಿನದು. ಚಿಂಚೋಳಿಗೆ ರೈಲಿಲ್ಲ. ಕಾಗಿಣಾ ತುಂಬಿ ಬಂದಾಗ ಮಳಖೇಡದ ಸೇತುವೆ ಮುಳುಗಿ ಕಲಬುರಗಿ–ಸೇಡಂ ಸಂಚಾರ ನಿಲ್ಲುವುದುಂಟು. ಚಿತ್ತಾಪುರದ ಕಡೆ ದಂಡೋತಿಯ ಸೇತುವೆಗೂ ಅದೇ ಗತಿ. ಸೇತುವೆ ದಾಟಿದರೆ ಎರೆಭೂಮಿ. ನೀರುಂಡ ಎರೆಮಣ್ಣಿನಲ್ಲಿ ಲಾರಿಯ ಗಾಲಿ ಹೂತುಬಿಡುತ್ತದೆ. ಸಾವಿರ ಕಿಲೋಮೀಟರು ಸಲೀಸಾಗಿ ಬಂದ ಸರಕು ಕೊನೆಯ ಹತ್ತು ಕಿಲೋಮೀಟರಿನಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ. ಅನುಭವಿಗಳು ದೊಡ್ಡ ಲಾರಿಯನ್ನು ಗಟ್ಟಿ ರಸ್ತೆಯಲ್ಲಿಯೇ ನಿಲ್ಲಿಸಿ, ಸಾಮಾನುಗಳನ್ನು ಟ್ರ್ಯಾಕ್ಟರಿಗೆ ಬದಲಾಯಿಸುತ್ತಾರೆ. ಟ್ರ್ಯಾಕ್ಟರೂ ಹೋಗದ ಕಡೆ ಮೂಟೆ ತಲೆಯ ಮೇಲೇರುತ್ತದೆ. ಅದಕ್ಕಾಗಿಯೇ ಮೂಟೆಗಳು ಒಬ್ಬನು ಹೊರಬಲ್ಲ ತೂಕದವಾಗಿರಬೇಕು. 50 ಕಿಲೋಗ್ರಾಮಿನ ಅಕ್ಕಿಚೀಲ ಅಂಗಡಿಗೆ ಸರಿ, ಕೆಸರಿನ ಕಾಲುದಾರಿಗೆ ಸರಿಯಲ್ಲ.

ನಡುವೆ ಉಗ್ರಾಣವೊಂದು ಬೇಕು. ನೆರೆ ಮುಟ್ಟದ, ಲಾರಿ ತಿರುಗಲು ಜಾಗವಿರುವ, ಬೀಗ ಹಾಕಬಹುದಾದ ಕಟ್ಟಡ. ಕೃಷಿ ಮಾರುಕಟ್ಟೆಯ ಗೋದಾಮು ಇದಕ್ಕೆ ಒಳ್ಳೆಯದು. ಅಲ್ಲಿ ಬಂದುದನ್ನೆಲ್ಲ ಬರೆದಿಡುವ ಒಂದು ಪುಸ್ತಕ, ಹೋದುದನ್ನೆಲ್ಲ ಬರೆದಿಡುವ ಇನ್ನೊಂದು. ಎರಡರ ವ್ಯತ್ಯಾಸ ಕೋಣೆಯೊಳಗಿನ ಸರಕಿಗೆ ಪ್ರತಿ ಸಂಜೆ ತಾಳೆಯಾಗಬೇಕು. ಬೇಗ ಕೆಡುವುದು ಮೊದಲು ಹೊರಡಬೇಕು. ಔಷಧ ಬೇರೆ, ಆಹಾರ ಬೇರೆ, ಸೀಮೆಎಣ್ಣೆ ಇವೆರಡರಿಂದಲೂ ದೂರ. ಈ ಪುಸ್ತಕ ಬರೆಯುವವನನ್ನು ಯಾವ ಪತ್ರಿಕೆಯೂ ಹೊಗಳುವುದಿಲ್ಲ. ದೋಣಿಯಲ್ಲಿ ನಿಂತವನ ಚಿತ್ರವೇ ಅಚ್ಚಾಗುತ್ತದೆ. ಆದರೂ ಮೂರನೆಯ ದಿನದ ನಂತರ ಪರಿಹಾರ ಕಾರ್ಯವನ್ನು ನಡೆಸುವವನು ಅವನೇ.

ಹಲವು ಕೈಗಳು ಒಂದೇ ಕೆಲಸಕ್ಕೆ ಬಂದಾಗ ಹೊಂದಾಣಿಕೆಯ ಪ್ರಶ್ನೆ ಏಳುತ್ತದೆ. ಸರ್ಕಾರ, ಮಠಗಳು, ದರ್ಗಾ ಮಸೀದಿಗಳ ಸಮಿತಿಗಳು, ಕಾರ್ಖಾನೆಗಳು, ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು, ದೂರದೂರಿನ ಸಂಘಗಳು, ಎಲ್ಲರೂ ಬರುತ್ತಾರೆ. ಹೇಳುವವರಿಲ್ಲದಿದ್ದರೆ ಎಲ್ಲರೂ ಹೆದ್ದಾರಿಯ ಪಕ್ಕದ ಊರಿಗೇ ಹೋಗುತ್ತಾರೆ. ಆ ಊರಿನಲ್ಲಿ ಒಂದೇ ಮಧ್ಯಾಹ್ನ ಮೂರು ಕಡೆ ಊಟ; ಗುಡ್ಡದ ಮರೆಯ ತಾಂಡಾದಲ್ಲಿ ಒಂದು ಕಡೆಯೂ ಇಲ್ಲ. ಸುನಾಮಿಯ ಸಮಯದಲ್ಲಿ ನಾಗಪಟ್ಟಣಂ ಜಿಲ್ಲೆ ಇದಕ್ಕೊಂದು ಉಪಾಯ ಕಂಡುಕೊಂಡಿತು. ಅಲ್ಲಿ ಮೀನುಗಾರರ ನಡುವೆ ಮೊದಲಿನಿಂದ ಕೆಲಸ ಮಾಡುತ್ತಿದ್ದ ಸಂಸ್ಥೆಗಳು ಸೇರಿ, ಜಿಲ್ಲಾಡಳಿತದ ಸಹಕಾರದಿಂದ, ಸ್ವಯಂಸೇವಾ ಸಂಸ್ಥೆಗಳ ಸಮನ್ವಯ ಕೇಂದ್ರವೊಂದನ್ನು ತೆರೆದವು. ಯಾವ ಊರಿಗೆ ಏನು ಹೋಗಿದೆ, ಏನು ಹೋಗಬೇಕಾಗಿದೆ ಎಂಬ ಮಾಹಿತಿ ಒಂದೆಡೆ ಸಿಕ್ಕಿತು. ನೆರವು ತಂದವರಿಗೆ ಹೋಗಬೇಕಾದ ಊರಿನ ಹೆಸರು ದೊರೆಯಿತು. ಅಲ್ಲಿ ಯಾರೂ ಯಾರಿಗೂ ಅಧಿಕಾರಿಯಾಗಿರಲಿಲ್ಲ; ತಿಳಿದುದನ್ನು ಹಂಚಿಕೊಂಡುದರಿಂದಲೇ ಬಹುಮಟ್ಟಿಗೆ ಗೊಂದಲ ತಪ್ಪಿತು.

ಕೊನೆಯ ಮಾತು ಹಂಚಿಕೆಯದು. ಕಲಹಗಳು ಹುಟ್ಟುವುದೂ ಅಲ್ಲಿಯೇ. ಪಟ್ಟಿ ಮಾಡುವವರು ಪಡಿತರ ಚೀಟಿ ಕೇಳುತ್ತಾರೆ. ಚೀಟಿ ನೀರಿನಲ್ಲಿ ಹೋಗಿದೆ. ಮನೆಯ ಪತ್ರ ಕೇಳುತ್ತಾರೆ. ಬಾಡಿಗೆದಾರನಿಗೆ ಪತ್ರವಿಲ್ಲ. ಕಲ್ಲುಗಣಿಯ ಕೂಲಿಗೆ ಬೇರೆ ಊರಿನಿಂದ ಬಂದವನ ಹೆಸರು ಊರಿನ ಯಾವ ಪುಸ್ತಕದಲ್ಲಿಯೂ ಇಲ್ಲ. ಹಳ್ಳಿಗಳಲ್ಲಿ ತಗ್ಗಿನ ಜಾಗ, ಹಳ್ಳದ ಅಂಚು, ಬಹಳಷ್ಟು ಕಡೆ ಬಡವರ ಕೇರಿಗಳ ಪಾಲಾಗಿದೆ. ನೆರೆ ಮೊದಲು ನುಗ್ಗುವುದು ಅಲ್ಲಿಗೆ. ಪರಿಹಾರದ ವಾಹನ ನಿಲ್ಲುವುದು ಊರಿನ ಮುಂದಿನ ಕಟ್ಟೆಯ ಬಳಿ. ಮುಂದೆ ನಿಂತು ಕೈ ಚಾಚಬಲ್ಲವನಿಗೆ ಎರಡು ಪೊಟ್ಟಣ ಸಿಗುತ್ತವೆ, ಮಗುವನ್ನು ಎತ್ತಿಕೊಂಡು ಹಿಂದೆ ನಿಂತವಳಿಗೆ ಒಂದೂ ಇಲ್ಲ. ವಾಹನದ ಮೇಲಿನಿಂದ ಪೊಟ್ಟಣಗಳನ್ನು ಎಸೆಯುವ ಪದ್ಧತಿಯಂತೂ ಕೊಡುವವನಿಗೂ ಪಡೆಯುವವನಿಗೂ ಅವಮಾನ. ಹಿಂದಿನ ದಿನವೇ ಮನೆಮನೆಗೆ ಹೋಗಿ ಚೀಟಿ ಕೊಟ್ಟು, ಮಾರನೆಯ ದಿನ ಚೀಟಿ ಪಡೆದು ಸಾಮಗ್ರಿ ಕೊಡುವುದು ಸುಲಭವಾದ ಕ್ರಮ. ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿ, ಎಲ್ಲರೂ ಓದುವಂತೆ ಮಾಡಿದರೆ ಸುಳ್ಳು ಹೆಸರು ನಿಲ್ಲುವುದಿಲ್ಲ. ಬಿಟ್ಟುಹೋದ ಹೆಸರನ್ನು ನೆರೆಹೊರೆಯವರೇ ಎತ್ತಿ ಹೇಳುತ್ತಾರೆ.

ಆಹಾರದಲ್ಲಿಯೂ ವಿವೇಚನೆ ಬೇಕು. ಒಲೆ ತೊಯ್ದು, ಸೌದೆ ಹಸಿಯಾಗಿ, ಪಾತ್ರೆ ಕೊಚ್ಚಿಹೋದವರಿಗೆ ಅಕ್ಕಿ ಕೊಟ್ಟರೆ ಅವರು ಅದನ್ನು ಎಲ್ಲಿ ಬೇಯಿಸಬೇಕು? ಈ ನಾಡಿನ ಗೃಹಿಣಿಯರಿಗೆ ಇದರ ಉತ್ತರ ತಲೆಮಾರುಗಳಿಂದ ಗೊತ್ತು. ಜೋಳದ ಖಡಕ್ ರೊಟ್ಟಿ ಹಗುರ, ಒಣಗಿದರೆ ಬಹಳ ದಿನ ಕೆಡದು, ಶೇಂಗಾ ಹಿಂಡಿಯೊಡನೆ ಊಟವೇ ಆಗುತ್ತದೆ, ಬೆಂಕಿ ಬೇಡ. ಪರಿಣತರು ಪ್ರಯೋಗಶಾಲೆಯಲ್ಲಿ ಕುಳಿತು ವಿಪತ್ಕಾಲದ ಆಹಾರವನ್ನು ರೂಪಿಸಿದ್ದರೂ ಇದಕ್ಕಿಂತ ಬಹಳ ಬೇರೆಯಾದುದನ್ನು ರೂಪಿಸುತ್ತಿರಲಿಲ್ಲ. ಮೊದಲ ದಿನಗಳಿಗೆ ರೊಟ್ಟಿ, ಆಮೇಲೆ ಸಾಮೂಹಿಕ ಅಡುಗೆ, ಜನ ಮನೆ ಸೇರಿದ ಮೇಲೆ ಧಾನ್ಯ ಬೇಳೆ ಎಣ್ಣೆಗಳ ಚೀಲ. ಈ ಅನುಕ್ರಮ ತಪ್ಪಬಾರದು. ದಾಸೋಹದ ಪರಂಪರೆಯಿರುವ ಕಲಬುರಗಿ ಸೀಮೆಗೆ ಸಾವಿರ ಜನರ ಅಡುಗೆ ಹೊಸದೂ ಅಲ್ಲ, ಭಾರವೂ ಅಲ್ಲ.

ಮನುಷ್ಯರ ನಂತರ ದನಕರುಗಳು. ಎತ್ತು ಎಮ್ಮೆಗಳನ್ನು ಬಿಟ್ಟು ಬರಲೊಲ್ಲೆನೆಂದು ರೈತನು ನೀರಿನ ನಡುವೆ ಕುಳಿತುಬಿಟ್ಟ ಪ್ರಸಂಗಗಳು ಪ್ರತಿ ನೆರೆಯಲ್ಲಿಯೂ ಕೇಳಿಬರುತ್ತವೆ. ದನಗಳಿಗೆ ಜಾಗವಿಲ್ಲದ ಶಿಬಿರಕ್ಕೆ ಅವನು ಬಾರನು. ಕಣಕಿಯ ಬಣವೆ ಕೊಚ್ಚಿಹೋದ ಊರಿಗೆ ಮೇವಿನ ಲಾರಿಯೂ ಹೋಗಬೇಕು. ಸತ್ತ ಜಾನುವಾರುಗಳನ್ನು ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಬೆಳೆ ಹೋದವನಿಗೆ ಹಿಂಗಾರಿಗೆ ಬಿತ್ತಲು ಕಡಲೆ, ಬಿಳಿಜೋಳದ ಬೀಜ ಅಕ್ಟೋಬರಿನಲ್ಲಿಯೇ ಕೈಗೆ ಬರಬೇಕು. ಡಿಸೆಂಬರಿನಲ್ಲಿ ಕೊಟ್ಟ ಬೀಜ ಬರಿಯ ಲೆಕ್ಕಕ್ಕೆ ಮಾತ್ರ.

ಹಣದ ನೆರವು ವಸ್ತುಗಳ ನೆರವಿಗಿಂತ ಮೇಲೆಂದು ಈಗ ಅನೇಕರು ಅಭಿಪ್ರಾಯಪಡುತ್ತಾರೆ. ಹಣಕ್ಕೆ ಲಾರಿ ಬೇಡ. ತನಗೇನು ಬೇಕೆಂಬುದನ್ನು ಪಡೆದವನೇ ನಿರ್ಧರಿಸುತ್ತಾನೆ. ಊರಿನ ಅಂಗಡಿಗೂ ವ್ಯಾಪಾರವಾಗುತ್ತದೆ. 2009ರ ನೆರೆಗೆ ಕೇಂದ್ರ ಸರ್ಕಾರವು 1,000 ಕೋಟಿ ರೂಪಾಯಿಗಳ ತುರ್ತು ನೆರವನ್ನು ಪ್ರಕಟಿಸಿತು. 2019ರ ಪ್ರವಾಹದ ಬಳಿಕ ರಾಜ್ಯ ಸರ್ಕಾರ ನೀರು ನುಗ್ಗಿದ ಮನೆಯವರಿಗೆ ತುರ್ತಾಗಿ 10,000 ರೂಪಾಯಿ, ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಸೇರುವ ಏರ್ಪಾಡು ಬಂದುದರಿಂದ ನಡುವಿನ ಕೈಗಳು ಕಡಿಮೆಯಾದವು. ಆದರೆ ಅಂಗಡಿಯೇ ನೀರಿನಲ್ಲಿರುವ ಮೊದಲ ವಾರ ಹಣವನ್ನು ಬೇಯಿಸಿ ತಿನ್ನಲಾಗದು. ಯಾವಾಗ ವಸ್ತು, ಯಾವಾಗ ಹಣ ಎಂಬುದು ಮಾರುಕಟ್ಟೆ ಮತ್ತೆ ತೆರೆಯುವ ದಿನವನ್ನು ಅವಲಂಬಿಸಿದೆ.

ಈ ಸೀಮೆಯ ಜನರ ನೆನಪಿನಲ್ಲಿ ಇನ್ನೊಂದು ನೆರೆಯೂ ಸೇರಿದೆ. ಕಲಬುರಗಿಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1908ರ ಸೆಪ್ಟೆಂಬರ್ 28ರಂದು, ಸಂಸ್ಥಾನದ ರಾಜಧಾನಿಯಲ್ಲಿ ಮೂಸಿ ನದಿ ಉಕ್ಕಿತು. ಕಾಗಿಣೆಯ ನೀರಿನ ಮೂಲವಾದ ಅನಂತಗಿರಿ ಬೆಟ್ಟಗಳಲ್ಲಿಯೇ ಹುಟ್ಟಿ ಪೂರ್ವಕ್ಕೆ ಹರಿಯುವ ನದಿ ಅದು. ಸುಮಾರು 15,000 ಜನರು ಸತ್ತರೆಂದು ಅಂದಾಜು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದ ಹುಣಿಸೆಮರವೊಂದನ್ನು ಹತ್ತಿ ನೂರೈವತ್ತು ಮಂದಿ ಬದುಕಿಕೊಂಡರು. ಆ ಮರ ಇಂದಿಗೂ ಇದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ನಿರಾಶ್ರಿತರಿಗೆ ಅರಮನೆಗಳನ್ನು ತೆರೆಸಿದರು. ಪರಿಹಾರ ಕಾರ್ಯದಲ್ಲಿ ದುಡಿದವರಲ್ಲಿ ಸರೋಜಿನಿ ನಾಯ್ಡು ಅವರೂ ಒಬ್ಬರು. ಅನ್ನ ಬಟ್ಟೆ ಕೊಟ್ಟಲ್ಲಿಗೆ ಕಾರ್ಯ ಮುಗಿಯಿತೆಂದು ಸಂಸ್ಥಾನ ಭಾವಿಸದಿದ್ದುದು ವಿಶೇಷ. ನೆರೆಗೆ ಕಾರಣವನ್ನೂ ಪರಿಹಾರವನ್ನೂ ಹೇಳಿರೆಂದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಲಾಯಿತು. ನದಿಯ ಜಲಾನಯನ ಪ್ರದೇಶದಲ್ಲಿದ್ದ 788 ಕೆರೆಗಳ ಪೈಕಿ 221 ಕೆರೆಗಳು ಒಡೆದಿದ್ದವೆಂದು ಅವರು ಲೆಕ್ಕ ತೆಗೆದರು. ನಗರದ ಮೇಲ್ಭಾಗದಲ್ಲಿ ನೀರನ್ನು ತಡೆಹಿಡಿಯಬೇಕೆಂಬ ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

ಮರುವಸತಿಯ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. 2009ರ ನಂತರ ಕರ್ನಾಟಕದಲ್ಲಿ ಆಸರೆ ಎಂಬ ಯೋಜನೆ ಬಂದಿತು. ಸರ್ಕಾರ ಎತ್ತರದಲ್ಲಿ ನಿವೇಶನ ಒದಗಿಸುವುದು, ಕಂಪನಿಗಳೂ ಮಠಗಳೂ ಸಂಘಸಂಸ್ಥೆಗಳೂ ಮನೆ ಕಟ್ಟಿಸಲು ನೆರವಾಗುವುದು ಅದರ ಸ್ವರೂಪ. ಸಾವಿರಾರು ಮನೆಗಳು ಎದ್ದವು. ಆದರೆ ಹಲವೆಡೆ ಆ ಮನೆಗಳು ಖಾಲಿ ಉಳಿದವು. ಹೊಲಕ್ಕೆ ದೂರ, ಎತ್ತು ಕಟ್ಟಲು ಜಾಗವಿಲ್ಲ, ಕಾಳು ತುಂಬಲು ಹಗೇವು ಕಣಜಗಳಿಗೆ ಎಡೆಯಿಲ್ಲ, ನೀರಿನ ವ್ಯವಸ್ಥೆ ತಡವಾಯಿತು ಎಂಬ ದೂರುಗಳು ಕೇಳಿಬಂದವು. ನದಿಯಂಚಿನ ಹಳೆಯ ಗೋಡೆಗಳಿಗೆ ಮತ್ತೆ ಮಾಳಿಗೆ ಹೊದಿಸಿದವರು ಅಪಾಯವನ್ನು ಅರಿಯದ ಮೂಢರಲ್ಲ. ನಿತ್ಯದ ಬದುಕನ್ನೂ ಎಂದೋ ಬರುವ ನೆರೆಯನ್ನೂ ತೂಗಿನೋಡಿ ಅವರು ತೀರ್ಮಾನಿಸಿದ್ದರು. ಮನೆಯ ನಕ್ಷೆ ಬರೆಯುವ ಮುನ್ನ ಅದರಲ್ಲಿ ವಾಸಿಸುವವಳನ್ನು ಒಂದು ಮಾತು ಕೇಳಿದ್ದರೆ ಎಷ್ಟೋ ಹಣ ಸಾರ್ಥಕವಾಗುತ್ತಿತ್ತು.

2020ರ ಅಕ್ಟೋಬರಿನಲ್ಲಿ ಪರೀಕ್ಷೆ ಮತ್ತೆ ಬಂದಿತು. ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತವು 13ರಂದು ಕಾಕಿನಾಡದ ಬಳಿ ನೆಲಕ್ಕೆ ತಾಗಿ, ಹೈದರಾಬಾದನ್ನು ಮುಳುಗಿಸಿ, ಕಲಬುರಗಿಯ ಮೇಲೆ ಸಾಗಿತು. ಕಾಗಿಣಾ, ಮುಲ್ಲಾಮಾರಿಗಳು ಉಕ್ಕಿದವು. ಅವು ಇಳಿಯುವಷ್ಟರಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಭೀಮೆಯಲ್ಲಿ ಬಂದಿತು. ಅದು ಕೊರೋನಾ ವ್ಯಾಧಿಯ ವರ್ಷ. ಜನರು ಒಬ್ಬರಿಗೊಬ್ಬರು ದೂರವಿರಬೇಕೆಂದು ಸಾರುತ್ತಿದ್ದ ಆಡಳಿತವೇ ಅವರನ್ನು ಒಂದೇ ಕೋಣೆಯಲ್ಲಿ ಕೂಡಿಸಬೇಕಾಯಿತು. ರಾಷ್ಟ್ರೀಯ ಪಡೆಯ ಜೊತೆಗೆ ಸೇನೆಯೂ ಬಂದಿತು. ಮೇಲಿನಿಂದ ಬರುವ ನೀರು ಯಾವಾಗ ಎಷ್ಟು ಬಂದೀತೆಂಬುದು ಭೀಮಾ ತೀರದವರಿಗೆ ಮೊದಲೇ ತಿಳಿಯುತ್ತಿದ್ದುದರಿಂದ ಊರುಗಳನ್ನು ತೆರವುಗೊಳಿಸಲು ಒಂದಿಷ್ಟು ಕಾಲ ದೊರೆಯಿತು. ಕಾಗಿಣೆಯ ಹಳ್ಳಿಗಳಿಗೆ ಅಷ್ಟು ಕಾಲ ಸಿಗುವುದಿಲ್ಲ. ಗುಡ್ಡದ ಹಳ್ಳಗಳು ಗಂಟೆಗಳಲ್ಲಿ ಏರಿ ಗಂಟೆಗಳಲ್ಲಿ ಇಳಿಯುತ್ತವೆ. ಅಂಥ ಊರುಗಳ ಸಿದ್ಧತೆ ಮೇ ತಿಂಗಳಲ್ಲಿಯೇ ಆಗಬೇಕು: ಈಜುಬಲ್ಲವರ ಹೆಸರು, ಟ್ರ್ಯಾಕ್ಟರುಗಳ ಪಟ್ಟಿ, ಎತ್ತರದ ಕಟ್ಟಡದ ಬೀಗದ ಕೈ ಯಾರಲ್ಲಿದೆ ಎಂಬ ವಿವರ, ಒಣ ಡಬ್ಬಿಯಲ್ಲಿ ಚೆಲುವೆಪುಡಿ.

ಕಾಳಜಿ ಕೇಂದ್ರಗಳು ಬಹುತೇಕ ಶಾಲೆಗಳಲ್ಲಿಯೇ ಇರುತ್ತವೆ. ಜನರು ಮನೆಗೆ ಮರಳುವವರೆಗೆ ಅಲ್ಲಿ ಪಾಠ ನಡೆಯುವಂತಿಲ್ಲ. ಗೋಡೆಗಳು ಭದ್ರವಾಗಿವೆಯೆಂದು ಇಂಜಿನಿಯರು ನೋಡಬೇಕು, ಬಾವಿಯ ನೀರು ಪರೀಕ್ಷೆಯಾಗಬೇಕು, ವಿದ್ಯುತ್ ತಂತಿ ಸರಿಯಾಗಬೇಕು. ಆಮೇಲೆ ಒಂದೊಂದೇ ಕುಟುಂಬ ಗಂಟು ಕಟ್ಟಿಕೊಂಡು ಹೊರಡುತ್ತದೆ. ಕೊನೆಯ ಕುಟುಂಬ ಹೋದ ದಿನ ಉಗ್ರಾಣದ ಎರಡೂ ಪುಸ್ತಕಗಳನ್ನು ತಾಳೆ ನೋಡಿ, ಉಳಿದ ಸಾಮಗ್ರಿಯನ್ನು ತಹಸೀಲ್ದಾರರ ಕಚೇರಿಗೆ ಒಪ್ಪಿಸುತ್ತಾರೆ. ಕೋಣೆಗಳನ್ನು ತೊಳೆದು, ಮೂಲೆಗೆ ಒಟ್ಟಿದ್ದ ಬೆಂಚುಗಳನ್ನು ಮತ್ತೆ ಸಾಲಾಗಿ ಇಡುತ್ತಾರೆ. ಪುಸ್ತಕ ನೆನೆದುಹೋದ ಮಕ್ಕಳಿಗೆ ಹೊಸ ಪುಸ್ತಕ ಬರುವುದು ಸಾಮಾನ್ಯವಾಗಿ ಇನ್ನೂ ಕೆಲವು ದಿನ ತಡ.